ಡ್ರಾಫ್ಟ್‌ನಲ್ಲಿ ಯಾರನ್ನು ಆರಿಸಬೇಕು? 2018ರ ಹುಡುಗರನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕೋಣ

ಏಪ್ರಿಲ್ ಹತ್ತಿರ ಬಂದರೆ ಅಮೆರಿಕದಲ್ಲಿರುವ ನಮ್ಮವರದ್ದು ಒಂದೇ ಪ್ರಶ್ನೆ. "ಆಫೀಸಿನಲ್ಲಿ ಎಲ್ಲರೂ ಎನ್‌ಎಫ್‌ಎಲ್ ಡ್ರಾಫ್ಟ್ ಬಗ್ಗೆ ಜಗಳ ಆಡ್ತಿದ್ದಾರೆ. ನಮ್ಮ ಊರಿನ ಟೀಮಿಗೆ ಮೇಲಿನ ಪಿಕ್ ಬಂದಿದೆ. ಕ್ವಾರ್ಟರ್‌ಬ್ಯಾಕ್ ತಗೋಬೇಕಾ, ಡಿಫೆನ್ಸ್ ಹುಡುಗನನ್ನು ತಗೋಬೇಕಾ, ಇಲ್ಲಾ ಆ ಪಿಕ್ಕನ್ನೇ ಬೇರೆಯವರಿಗೆ ಕೊಟ್ಟು ಕೆಳಗೆ ಇಳಿಯಬೇಕಾ? ನಾನು ಯಾರ ಪರ ಮಾತಾಡಲಿ?"

ಎನ್‌ಎಫ್‌ಎಲ್ ಅಂದರೆ ಅಮೆರಿಕನ್ ಫುಟ್‌ಬಾಲ್ ಲೀಗ್. ಅದರ ಟೀಮುಗಳು ಕಾಲೇಜು ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವುದೇ ಡ್ರಾಫ್ಟ್, ಆ ಸರದಿಯೇ ಪಿಕ್. ಪಾಸ್ ಎಸೆದು ಟೀಮಿನ ದಾಳಿ (ಆಫೆನ್ಸ್) ನಡೆಸುವವನು ಕ್ವಾರ್ಟರ್‌ಬ್ಯಾಕ್, ಎದುರಾಳಿಯನ್ನು ತಡೆಯುವವರು ಡಿಫೆನ್ಸ್. ಈ ವರ್ಷದ ಕಾಲೇಜು ಹುಡುಗರ ಹಣೆಬರಹ ಯಾರಿಗೂ ಗೊತ್ತಿಲ್ಲ. ಹಾಗಾಗಿ ಫಲಿತಾಂಶ ಕಣ್ಣ ಮುಂದೆ ಇರುವ ವರ್ಷವೊಂದನ್ನು ಎತ್ತಿಕೊಳ್ಳುತ್ತೇನೆ: 2018. ಆ ವರ್ಷ ಮೊದಲ ಸುತ್ತಿನಲ್ಲೇ ಐದು ಕ್ವಾರ್ಟರ್‌ಬ್ಯಾಕ್‌ಗಳು ಹೋದರು. ಎರಡನೇ ಪಿಕ್‌ನಲ್ಲಿ ಒಬ್ಬ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು), ಆರನೇ ಪಿಕ್‌ನಲ್ಲಿ ಒಬ್ಬ ಗಾರ್ಡ್ (ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಸಾಲಿನವನು) ಹೋದರು. ಒಂದು ಟೀಮ್ ಮೂರನೇ ಜಾಗ ಬಿಟ್ಟುಕೊಟ್ಟು ಲಾಭ ಮಾಡಿಕೊಂಡಿತು. ನಿಮ್ಮ ಟೀಮಿನ ಮುಂದೆ ಬರಬಹುದಾದ ಆಯ್ಕೆಗಳು ಬಹುಪಾಲು ಆ ಒಂದೇ ರಾತ್ರಿಯಲ್ಲಿ ಸಿಗುತ್ತವೆ.

ಹೊಸಬರಿಗೆ ನಿಯಮ ಎರಡು ಮಾತಿನಲ್ಲಿ. ಇಲ್ಲಿ ಐಪಿಎಲ್ ಹರಾಜಿನ ಹಾಗೆ ಕೂಗಿ ಕೊಳ್ಳುವುದಿಲ್ಲ. ಹೋದ ಸೀಸನ್‌ನಲ್ಲಿ ಎಲ್ಲರಿಗಿಂತ ಕೆಟ್ಟದಾಗಿ ಆಡಿದ ಟೀಮಿಗೆ ಮೊದಲ ಸರದಿ, ಸೂಪರ್ ಬೌಲ್ ಅನ್ನುವ ಫೈನಲ್ ಗೆದ್ದವರಿಗೆ ಕೊನೆಯ ಸರದಿ. ಒಟ್ಟು ಏಳು ಸುತ್ತು. ಸರದಿಯನ್ನು ಬೇರೆ ಟೀಮಿನ ಜೊತೆ ಅದಲುಬದಲು ಮಾಡಿಕೊಳ್ಳಬಹುದು.

ಮೊದಲು ಅಳತೆಗೋಲು

ಹುಡುಗರ ಹೆಸರು ಎತ್ತುವ ಮುಂಚೆ ನಾಲ್ಕು ವಿಷಯ ತೀರ್ಮಾನ ಆಗಬೇಕು. ಇದನ್ನು ಬಿಟ್ಟು ಟಿವಿಯವರ ಟಾಪ್ 50 ಪಟ್ಟಿ ಹಿಡಿದುಕೊಂಡರೆ ಜಗಳ ಮುಗಿಯುವುದೇ ಇಲ್ಲ.

ಒಂದನೆಯದು, ಟೀಮಿನಲ್ಲಿ ಈಗ ಏನಿದೆ? ಕ್ವಾರ್ಟರ್‌ಬ್ಯಾಕ್ ಇದ್ದಾನಾ, ಅವನ ವಯಸ್ಸೆಷ್ಟು, ಅವನನ್ನು ಕಾಯುವ ಆಫೆನ್ಸಿವ್ ಲೈನ್ ಹೇಗಿದೆ?

ಎರಡನೆಯದು ದುಡ್ಡು. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ಬಹಳಷ್ಟು ಅಭಿಮಾನಿಗಳು ಹಾರಿಸಿಬಿಡುವ ಭಾಗ ಇದೇ. 2010ರಲ್ಲಿ ಮೊದಲ ಪಿಕ್ ಆಗಿದ್ದ ಸ್ಯಾಮ್ ಬ್ರಾಡ್‌ಫರ್ಡ್‌ಗೆ ಆರು ವರ್ಷಕ್ಕೆ 7.8 ಕೋಟಿ ಡಾಲರ್ ಒಪ್ಪಂದ ಸಿಕ್ಕಿತ್ತು. 2011ರಲ್ಲಿ ಹೊಸ ಕಾರ್ಮಿಕ ಒಪ್ಪಂದ ಬಂತು. ಪಿಕ್ ನಂಬರಿಗೆ ತಕ್ಕಂತೆ ಸಂಬಳ ಅನ್ನುವ ನಿಯಮವಾಯಿತು. ಆ ವರ್ಷದ ಮೊದಲ ಪಿಕ್ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ 2.2 ಕೋಟಿ. ಅಂದರೆ ಆಟಗಾರ ಯಾವ ಜಾಗದಲ್ಲಿ ಆಡುತ್ತಾನೆ ಅನ್ನುವುದಕ್ಕೂ ಅವನ ಮೊದಲ ಸಂಬಳಕ್ಕೂ ಈಗ ಸಂಬಂಧವಿಲ್ಲ. ಆದರೆ ಹೊರಗಿನ ಮಾರುಕಟ್ಟೆಯಲ್ಲಿ ಜಾಗಕ್ಕೊಂದು ಬೆಲೆ ಇದ್ದೇ ಇದೆ. ಲಾಭ ಇರುವುದು ಆ ವ್ಯತ್ಯಾಸದಲ್ಲಿ.

2018ರಲ್ಲಿ ಒಂದು ಟೀಮಿನ ಸಂಬಳದ ಮಿತಿ, ಅಂದರೆ ಸ್ಯಾಲರಿ ಕ್ಯಾಪ್, 17.72 ಕೋಟಿ ಡಾಲರ್. ಆ ಮಾರ್ಚ್‌ನಲ್ಲಿ ಮಿನೆಸೋಟ ವೈಕಿಂಗ್ಸ್ ತಂಡ ಕರ್ಕ್ ಕಸಿನ್ಸ್ ಎಂಬ ಕ್ವಾರ್ಟರ್‌ಬ್ಯಾಕ್‌ಗೆ ಮೂರು ವರ್ಷಕ್ಕೆ 8.4 ಕೋಟಿ ಕೊಟ್ಟಿತು. ವರ್ಷಕ್ಕೆ 2.8 ಕೋಟಿ. ಮೊದಲ ಪಿಕ್ ಆದ ಬೇಕರ್ ಮೇಫೀಲ್ಡ್‌ಗೆ ನಾಲ್ಕು ವರ್ಷಕ್ಕೆ ಸುಮಾರು 3.27 ಕೋಟಿ. ವರ್ಷಕ್ಕೆ 82 ಲಕ್ಷದ ಆಸುಪಾಸು. ಹುಡುಗ ಚೆನ್ನಾಗಿ ಆಡಿದರೆ ವರ್ಷಕ್ಕೆ ಹತ್ತಿರ ಹತ್ತಿರ 2 ಕೋಟಿ ಉಳಿತಾಯ. ಆ ದುಡ್ಡಲ್ಲಿ ಇನ್ನೊಬ್ಬ ದೊಡ್ಡ ಆಟಗಾರನನ್ನು ತರಬಹುದು.

ಮೂರನೆಯದು, ಹುಡುಗನಲ್ಲಿರುವ ಕೊರತೆ ಯಾವ ಜಾತಿಯದು? ಎತ್ತರ ಕಡಿಮೆ ಅನ್ನುವುದನ್ನು ತಿದ್ದಲಾಗದು, ಆದರೆ ಅದನ್ನು ಇಟ್ಟುಕೊಂಡೇ ಆಡಬಹುದು. ಚೆಂಡು ಕೈ ತಪ್ಪುವುದನ್ನು ತಿದ್ದಬಹುದು. ಎಸೆತದ ಗುರಿ ತಪ್ಪುವುದು ಸಾಮಾನ್ಯವಾಗಿ ಹಾಗೇ ಉಳಿದುಬಿಡುತ್ತದೆ.

ನಾಲ್ಕನೆಯದು, ಅವನನ್ನು ತಯಾರು ಮಾಡುವವರು ಯಾರು? ಈ ಕೋಚ್ ಮುಂದಿನ ವರ್ಷವೂ ಇರುತ್ತಾನಾ? ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಭಾರದ ಪ್ರಶ್ನೆ. ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಐದು ಕ್ವಾರ್ಟರ್‌ಬ್ಯಾಕ್‌ಗಳು

ಮೊದಲ ಸರದಿ ಕ್ಲೀವ್‌ಲೆಂಡ್ ಬ್ರೌನ್ಸ್‌ದು. 2017ರಲ್ಲಿ 16 ಪಂದ್ಯ ಆಡಿ 16ನ್ನೂ ಸೋತಿದ್ದರು. ಅವರ ಬಳಿ ಒಂದನೇ ಪಿಕ್ ಮಾತ್ರವಲ್ಲ, ಹಿಂದಿನ ವರ್ಷ ಹ್ಯೂಸ್ಟನ್ ಜೊತೆ ಮಾಡಿದ ವ್ಯವಹಾರದಿಂದ ನಾಲ್ಕನೇ ಪಿಕ್ ಕೂಡ ಇತ್ತು.

ಬೇಕರ್ ಮೇಫೀಲ್ಡ್ ಓಕ್ಲಹೋಮ ಕಾಲೇಜಿನ ಹುಡುಗ. 2017ರಲ್ಲಿ ನೂರಕ್ಕೆ ಎಪ್ಪತ್ತು ಪಾಸ್ ಗುರಿ ಮುಟ್ಟಿದ್ದವು. 43 ಟಚ್‌ಡೌನ್ (ಎದುರಾಳಿಯ ಕೊನೆಗೆರೆ ದಾಟಿಸಿ ಅಂಕ ಗಳಿಸಿದ್ದು), ಆರೇ ಇಂಟರ್ಸೆಪ್ಷನ್ (ಎದುರಾಳಿ ಹಿಡಿದುಕೊಂಡ ಪಾಸ್). ಕಾಲೇಜು ಆಟದ ದೊಡ್ಡ ಪ್ರಶಸ್ತಿಯಾದ ಹೈಸ್‌ಮನ್ ಕೂಡ ಅವನದ್ದೇ. ಕೊರತೆ ಎರಡು: ಎತ್ತರ ಆರಡಿ ಚಿಲ್ಲರೆ, ಮತ್ತು ತಲೆಬಿಸಿ ಹುಡುಗ ಅನ್ನುವ ಹೆಸರು. ಒಹಾಯೊ ಸ್ಟೇಟ್ ತಂಡವನ್ನು ಅವರ ಮೈದಾನದಲ್ಲೇ ಸೋಲಿಸಿ ನಟ್ಟನಡುವೆ ತನ್ನ ಕಾಲೇಜಿನ ಬಾವುಟ ನೆಟ್ಟಿದ್ದ. (ಆ ದಿನ ಎದುರಿನ ತಂಡದಲ್ಲಿದ್ದ ಡೆನ್ಜೆಲ್ ವಾರ್ಡ್‌ನನ್ನೇ ಬ್ರೌನ್ಸ್ ನಾಲ್ಕನೇ ಪಿಕ್‌ನಲ್ಲಿ ತಗೊಂಡಿತು. ಲಾಕರ್ ರೂಮಿನಲ್ಲಿ ಏನು ಮಾತಾಡಿಕೊಂಡರೋ!)

ನಮ್ಮ ಅಳತೆಗೋಲಲ್ಲಿ ಮೇಫೀಲ್ಡ್ ಸುರಕ್ಷಿತ ಆಯ್ಕೆ. ಗುರಿ ಚೆನ್ನಾಗಿದೆ, ಬಂದ ಕೂಡಲೇ ಆಡಬಲ್ಲ. ಹಾಗೇ ಆಯಿತು. ಮೊದಲ ವರ್ಷ 27 ಟಚ್‌ಡೌನ್ ಪಾಸ್ ಎಸೆದ, ಹೊಸಬರಲ್ಲಿ ಅದು ಆಗ ದಾಖಲೆ. ಆದರೆ ಆ ಸೀಸನ್‌ನ ನಡುವೆಯೇ ಮುಖ್ಯ ಕೋಚ್‌ನನ್ನು ತೆಗೆದರು. 2020ರ ಹೊತ್ತಿಗೆ ಮೇಫೀಲ್ಡ್ ತನ್ನ ನಾಲ್ಕನೇ ಮುಖ್ಯ ಕೋಚ್ ಕೈಕೆಳಗೆ ಆಡುತ್ತಿದ್ದ. ಆ ವರ್ಷ ಪ್ಲೇಆಫ್‌ನಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡವನ್ನು 48-37ರಲ್ಲಿ ಸೋಲಿಸಿಯೂ ಕೊಟ್ಟ. 2022ರಲ್ಲಿ ಅವನನ್ನು ಕೆಳಗಿನ ಸುತ್ತಿನ ಒಂದು ಪಿಕ್‌ಗೆ ಕ್ಯಾರೊಲೈನಾಗೆ ಕಳಿಸಿದರು. ಮುಂದೆ ಟ್ಯಾಂಪ ಬೇ ತಂಡದಲ್ಲಿ ಮತ್ತೆ ಚಿಗುರಿದ.

ಸ್ಯಾಮ್ ಡಾರ್ನಾಲ್ಡ್ ಯುಎಸ್‌ಸಿ ಕಾಲೇಜಿನ ಹುಡುಗ. ಡ್ರಾಫ್ಟ್ ದಿನ ಇನ್ನೂ ಇಪ್ಪತ್ತು ವರ್ಷ. 2017ರ ಜನವರಿಯ ರೋಸ್ ಬೌಲ್ ಎಂಬ ದೊಡ್ಡ ಕಾಲೇಜು ಪಂದ್ಯದಲ್ಲಿ ಪೆನ್ ಸ್ಟೇಟ್ ವಿರುದ್ಧ ಐದು ಟಚ್‌ಡೌನ್ ಎಸೆದಿದ್ದ. ನಂತರದ ಸೀಸನ್‌ನಲ್ಲಿ 13 ಇಂಟರ್ಸೆಪ್ಷನ್, ಜೊತೆಗೆ ಚೆಂಡು ಕೈ ಜಾರುವ ಚಾಳಿ. ಇವನು ಕಾಯಬೇಕಾದ ಆಯ್ಕೆ. ಬೆಂಚ್ ಮೇಲೆ ಒಂದು ವರ್ಷ ಕೂರಿಸಿ ಕಲಿಸಬಲ್ಲ ಟೀಮಿಗೆ ಮಾತ್ರ ಒಳ್ಳೆಯದು. ನ್ಯೂಯಾರ್ಕ್ ಜೆಟ್ಸ್ ಮೂರನೇ ಪಿಕ್‌ನಲ್ಲಿ ತಗೊಂಡು ಮೊದಲ ಪಂದ್ಯದಿಂದಲೇ ಆಡಿಸಿತು. ಅವನ ಮೊದಲ ಪಾಸನ್ನೇ ಎದುರಾಳಿ ಹಿಡಿದು ಟಚ್‌ಡೌನ್ ಮಾಡಿದ. ಒಂದೇ ವರ್ಷದಲ್ಲಿ ಕೋಚ್ ಬದಲಾದ. ಮೂರು ಸೀಸನ್ ಆದ ಮೇಲೆ ಜೆಟ್ಸ್ ಅವನನ್ನು ಕೈಬಿಟ್ಟಿತು. ಅದೇ ಡಾರ್ನಾಲ್ಡ್ 2024ರಲ್ಲಿ ವೈಕಿಂಗ್ಸ್ ಪರ ಆಡಿ 14 ಪಂದ್ಯ ಗೆಲ್ಲಿಸಿದ. ತೋಳು ಅದೇ, ಸುತ್ತಲಿನ ಜನ ಬೇರೆ.

ಜಾಶ್ ಆಲನ್ ಬಗ್ಗೆ ಆಗ ನಡೆದಷ್ಟು ಜಗಳ ಇನ್ಯಾರ ಬಗ್ಗೆಯೂ ನಡೆದಿರಲಿಲ್ಲ. ವಯೋಮಿಂಗ್ ಅನ್ನುವ ಸಣ್ಣ ಮಟ್ಟದ ಕಾಲೇಜು ತಂಡ. ಎತ್ತರ ಆರಡಿ ಐದು ಇಂಚು. ಬಂದೂಕಿನಂಥ ತೋಳು. ಆದರೆ ಕಾಲೇಜಿನಲ್ಲಿ ಗುರಿ ಮುಟ್ಟಿದ ಪಾಸ್ ನೂರಕ್ಕೆ 56 ಮಾತ್ರ. 2017ರಲ್ಲಿ ಅಯೋವದಂಥ ದೊಡ್ಡ ತಂಡ ಎದುರಾದಾಗ 174 ಗಜ, ಎರಡು ಇಂಟರ್ಸೆಪ್ಷನ್, 24-3ರ ಸೋಲು. ಅಂಕಿ ಅಂಶ ನೋಡುವವರೆಲ್ಲ ಬೇಡ ಅಂದರು. ಬಫಲೋ ಬಿಲ್ಸ್ ಹನ್ನೆರಡನೇ ಜಾಗದಿಂದ ಏಳಕ್ಕೆ ಹತ್ತಿ ಅವನನ್ನು ತಗೊಂಡಿತು. ಅದಕ್ಕೆ ಎರಡನೇ ಸುತ್ತಿನ ಎರಡು ಪಿಕ್ ಕೊಡಬೇಕಾಯಿತು.

ಮೊದಲ ವರ್ಷ ನೂರಕ್ಕೆ 52.8. ಎರಡನೇ ವರ್ಷ 58.8. ಮೂರನೇ ವರ್ಷ 69.2! 2024ರಲ್ಲಿ ಲೀಗಿನ ಎಂವಿಪಿ, ಅಂದರೆ ವರ್ಷದ ಅತ್ಯುತ್ತಮ ಆಟಗಾರ. ಇದನ್ನು ನೋಡಿ "ಗುರಿಯನ್ನೂ ಕಲಿಸಬಹುದು" ಅಂತ ತೀರ್ಮಾನಿಸಬೇಡಿ. ಇಂಥ ಏರಿಕೆ ಬಹಳ ಅಪರೂಪ. ಬಫಲೋ ಮಾಡಿದ್ದು ಏನು ಅನ್ನುವುದು ಮುಖ್ಯ. ಆ ವರ್ಷಗಳಲ್ಲಿ ಮುಖ್ಯ ಕೋಚ್‌ನನ್ನೂ ಆಟಗಾರರನ್ನು ಆರಿಸುವ ಜನರಲ್ ಮ್ಯಾನೇಜರ್‌ನನ್ನೂ ಬದಲಿಸಲಿಲ್ಲ. ಆಫೆನ್ಸ್ ನೋಡಿಕೊಳ್ಳುವ ಕೋಚ್ ನಾಲ್ಕು ಸೀಸನ್ ಒಬ್ಬನೇ ಇದ್ದ. 2020ರಲ್ಲಿ ಸ್ಟೆಫಾನ್ ಡಿಗ್ಸ್‌ನಂಥ ರಿಸೀವರ್‌ನನ್ನು (ಪಾಸ್ ಹಿಡಿಯುವವನನ್ನು) ತಂದುಕೊಟ್ಟರು. ನಿಮ್ಮ ಟೀಮಿಗೆ ಅಷ್ಟು ತಾಳ್ಮೆ ಇದ್ದರೆ ಮಾತ್ರ ಆಲನ್‌ನಂಥ ಹುಡುಗನ ಪರ ವಾದ ಮಾಡಿ.

ಜಾಶ್ ರೋಸನ್ ಯುಸಿಎಲ್‌ಎ ಕಾಲೇಜಿನ ಹುಡುಗ. ಪಾಸ್ ಮಾಡುವ ಶೈಲಿ ಐದು ಜನರಲ್ಲೇ ಅಚ್ಚುಕಟ್ಟು ಅಂತ ಹಲವರು ಹೇಳಿದ್ದರು. ಅರಿಜೋನ ಕಾರ್ಡಿನಲ್ಸ್ ಹತ್ತನೇ ಪಿಕ್‌ಗೆ ಹತ್ತಿ ತಗೊಂಡಿತು. ತಂಡ 3-13ರಲ್ಲಿ (3 ಗೆಲುವು, 13 ಸೋಲು) ಮುಗಿಯಿತು, ಕೋಚ್ ಹೋದ. ಹೊಸ ಕೋಚ್‌ಗೆ ಬೇರೆ ಥರದ ಹುಡುಗ ಬೇಕಿತ್ತು. ಮರುವರ್ಷವೇ ಮೊದಲ ಪಿಕ್‌ನಲ್ಲಿ ಕೈಲರ್ ಮರ್ರೆ ಬಂದ, ರೋಸನ್ ಮಯಾಮಿಗೆ ಹೋದ. ಹೆಚ್ಚು ಹೇಳುವುದಕ್ಕೇನೂ ಇಲ್ಲ. ಕುರ್ಚಿ ಅಲ್ಲಾಡುತ್ತಿರುವ ಕೋಚ್ ಕೈಗೆ ಹೊಸ ಕ್ವಾರ್ಟರ್‌ಬ್ಯಾಕ್ ಕೊಡಬಾರದು.

ಕೊನೆಗೆ ಲಮಾರ್ ಜಾಕ್ಸನ್. ಲೂಯಿವಿಲ್ ಕಾಲೇಜು, 2016ರ ಹೈಸ್‌ಮನ್. ಓಟದಲ್ಲಿ ಅವನನ್ನು ಹಿಡಿಯುವವರಿರಲಿಲ್ಲ. ಅದೇ ಕಾರಣಕ್ಕೆ "ಇವನು ರಿಸೀವರ್ ಆಗಲಿ" ಅಂದವರೂ ಇದ್ದರು. ಬಾಲ್ಟಿಮೋರ್ ರೇವನ್ಸ್ 32ನೇ ಪಿಕ್‌ನಲ್ಲಿ, ಅಂದರೆ ಮೊದಲ ಸುತ್ತಿನ ಕೊನೆಯ ಸರದಿಯಲ್ಲಿ ತಗೊಂಡಿತು. ಅದಕ್ಕಾಗಿ ಎರಡನೇ ಸುತ್ತಿನಿಂದ ಮೇಲೆ ಹತ್ತಿ ಬಂದರು. ಒಂದು ಜಾಗ ಬಿಟ್ಟು 33ರಲ್ಲಿ ತಗೊಂಡಿದ್ದರೆ ಏನಾಗುತ್ತಿತ್ತು? ಮೊದಲ ಸುತ್ತಿನ ಹುಡುಗರನ್ನು ಮಾತ್ರ ಟೀಮ್ ತನ್ನಿಷ್ಟದಂತೆ ಐದನೇ ವರ್ಷವೂ ಉಳಿಸಿಕೊಳ್ಳಬಹುದು. ಕ್ವಾರ್ಟರ್‌ಬ್ಯಾಕ್ ವಿಷಯದಲ್ಲಿ ಆ ಒಂದು ವರ್ಷಕ್ಕೆ ಬಹಳ ಬೆಲೆ.

ರೇವನ್ಸ್ ಬಳಿ ಜೋ ಫ್ಲಾಕೊ ಇದ್ದ, ಹಾಗಾಗಿ ಅವಸರ ಇರಲಿಲ್ಲ. ನವೆಂಬರ್‌ನಲ್ಲಿ ಜಾಕ್ಸನ್ ಕಣಕ್ಕಿಳಿದ, ಏಳರಲ್ಲಿ ಆರು ಪಂದ್ಯ ಗೆದ್ದ. ಮರುವರ್ಷ ಇಡೀ ಆಫೆನ್ಸನ್ನೇ ಅವನ ಓಟಕ್ಕೆ ಹೊಂದುವಂತೆ ಹೊಸದಾಗಿ ಕಟ್ಟಿದರು. 14 ಗೆಲುವು, 2 ಸೋಲು. ಎಂವಿಪಿ ಮತ ಒಂದೂ ಬೇರೆಯವರಿಗೆ ಹೋಗಲಿಲ್ಲ. ನಾಲ್ಕು ವರ್ಷಕ್ಕೆ ಅವನ ಮೊದಲ ಒಪ್ಪಂದ 95 ಲಕ್ಷ ಡಾಲರ್ ಮಾತ್ರ. ಕಸಿನ್ಸ್‌ನ ಅರ್ಧ ವರ್ಷದ ಸಂಬಳಕ್ಕೂ ಕಡಿಮೆ. 2018ರ ಇಡೀ ಡ್ರಾಫ್ಟ್‌ನಲ್ಲಿ ಇದಕ್ಕಿಂತ ಅಗ್ಗದ ವ್ಯಾಪಾರ ನನಗೆ ಕಾಣುವುದಿಲ್ಲ.

ಎರಡನೇ ಪಿಕ್‌ನಲ್ಲಿ ರನ್ನಿಂಗ್ ಬ್ಯಾಕ್: ಬಾರ್ಕ್ಲಿ ವಿಷಯ

ಸೇಕ್ವಾನ್ ಬಾರ್ಕ್ಲಿ ಆ ವರ್ಷದ ಅತ್ಯಂತ ಪ್ರತಿಭಾವಂತ ಆಟಗಾರ ಅನ್ನುವುದರಲ್ಲಿ ಹೆಚ್ಚು ತಕರಾರು ಇರಲಿಲ್ಲ. ನ್ಯೂಯಾರ್ಕ್ ಜೈಂಟ್ಸ್ 3-13ರ ತಂಡ. ಕ್ವಾರ್ಟರ್‌ಬ್ಯಾಕ್ ಈಲೈ ಮ್ಯಾನಿಂಗ್‌ಗೆ 37 ವರ್ಷ. ಆದರೂ ಅವರು ಬಾರ್ಕ್ಲಿಯನ್ನು ತಗೊಂಡರು. ಹುಡುಗ ಮೋಸ ಮಾಡಲಿಲ್ಲ. ಮೊದಲ ವರ್ಷವೇ ಓಟ, ಕ್ಯಾಚ್ ಸೇರಿ 2,028 ಗಜ. ಆಫೆನ್ಸ್‌ನ ವರ್ಷದ ಹೊಸ ಆಟಗಾರ ಪ್ರಶಸ್ತಿ. ತಂಡ? 5-11. ಮರುವರ್ಷ 4-12. ಅದರ ಮುಂದಿನ ವರ್ಷ ಅವನ ಮಂಡಿಯ ಲಿಗಮೆಂಟ್ ಹರಿಯಿತು.

ದುಡ್ಡಿನ ಲೆಕ್ಕ ನೋಡಿ. ಬಾರ್ಕ್ಲಿಗೆ ನಾಲ್ಕು ವರ್ಷಕ್ಕೆ ಸುಮಾರು 3.12 ಕೋಟಿ. ವರ್ಷಕ್ಕೆ 78 ಲಕ್ಷ. ಆಗ ರನ್ನಿಂಗ್ ಬ್ಯಾಕ್‌ಗಳಲ್ಲೇ ದುಬಾರಿಯಾಗಿದ್ದ ಟಾಡ್ ಗರ್ಲಿಗೆ ವರ್ಷಕ್ಕೆ ಸುಮಾರು 1.44 ಕೋಟಿ. ಅಂದರೆ ಬಾರ್ಕ್ಲಿ ಲೀಗಿನ ನಂಬರ್ ಒನ್ ಆದರೂ ಉಳಿತಾಯ 66 ಲಕ್ಷ. ಕ್ವಾರ್ಟರ್‌ಬ್ಯಾಕ್ ಆದರೆ 2 ಕೋಟಿ. ಮೇಲಾಗಿ ಅದೇ ಡ್ರಾಫ್ಟ್‌ನ 35ನೇ ಪಿಕ್‌ನಲ್ಲಿ ನಿಕ್ ಚಬ್ ಸಿಕ್ಕ. 2019ರಲ್ಲಿ ಅವನು 1,494 ಗಜ ಓಡಿದ. ಯಾರೂ ಆರಿಸದೆ ಬಿಟ್ಟಿದ್ದ ಫಿಲಿಪ್ ಲಿಂಡ್ಸೆ 2018ರಲ್ಲೇ ಡೆನ್ವರ್ ಪರ ಸಾವಿರ ಗಜ ದಾಟಿದ. ಈ ಜಾಗಕ್ಕೆ ಕೆಳಗಿನ ಸುತ್ತುಗಳಲ್ಲೂ ಜನ ಸಿಗುತ್ತಾರೆ.

2024ರಲ್ಲಿ ಬಾರ್ಕ್ಲಿ ಫಿಲಡೆಲ್ಫಿಯ ಈಗಲ್ಸ್‌ಗೆ ಹೋದ. ಗಟ್ಟಿಯಾದ ಆಫೆನ್ಸಿವ್ ಲೈನ್ ಹಿಂದೆ ಓಡಿ 2,005 ಗಜ ಮಾಡಿದ, ಸೂಪರ್ ಬೌಲ್ ಗೆದ್ದ. ಹಾಗಾದರೆ ರನ್ನಿಂಗ್ ಬ್ಯಾಕ್ ಬೇಡವೇ ಬೇಡವಾ? ಬೇಕು. ಉಳಿದ ಕಟ್ಟಡ ಎದ್ದ ಮೇಲೆ. ಜೈಂಟ್ಸ್‌ಗೆ ಪಾಯವೇ ಇರಲಿಲ್ಲ.

ಡಿಫೆನ್ಸ್: ಚಬ್ಬೋ, ವಾರ್ಡೋ?

ನಾಲ್ಕನೇ ಪಿಕ್‌ನಲ್ಲಿ ಬ್ರೌನ್ಸ್ ಮುಂದೆ ಇಬ್ಬರಿದ್ದರು. ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವ ಬ್ರಾಡ್ಲಿ ಚಬ್ (ಮೇಲಿನ ನಿಕ್ ಚಬ್ ಬೇರೆ), ರಿಸೀವರ್‌ಗಳ ಬೆನ್ನು ಹತ್ತುವ ಕಾರ್ನರ್‌ಬ್ಯಾಕ್ ಡೆನ್ಜೆಲ್ ವಾರ್ಡ್. ದುಡ್ಡಿನ ಅಳತೆಯಲ್ಲಿ ಚಬ್ ಮುಂದೆ. ನುಗ್ಗುವ ಆಟಗಾರರ ಬೆಲೆ ಕ್ವಾರ್ಟರ್‌ಬ್ಯಾಕ್ ಬಿಟ್ಟರೆ ಮೇಲಿನ ಸಾಲಿನಲ್ಲೇ ಇರುತ್ತದೆ. ಅದೇ ಸೆಪ್ಟೆಂಬರ್‌ನಲ್ಲಿ ಖಲೀಲ್ ಮ್ಯಾಕ್‌ಗೆ ಸಿಕ್ಕ ಒಪ್ಪಂದ ವರ್ಷಕ್ಕೆ 2.35 ಕೋಟಿ. ಆದರೆ ಬ್ರೌನ್ಸ್ ಬಳಿ ಆಗಲೇ ಮೈಲ್ಸ್ ಗ್ಯಾರೆಟ್ ಇದ್ದ, 2017ರ ಮೊದಲ ಪಿಕ್. ಒಂದು ಕಡೆ ಗ್ಯಾರೆಟ್, ಇನ್ನೊಂದು ಕಡೆ ಚಬ್ ಅನ್ನುವ ಆಸೆ ಅಭಿಮಾನಿಗಳದ್ದು. ತಂಡ ವಾರ್ಡ್‌ನನ್ನು ಆರಿಸಿತು.

ಮೊದಲ ಪಂದ್ಯದಲ್ಲೇ ವಾರ್ಡ್ ಎರಡು ಇಂಟರ್ಸೆಪ್ಷನ್ ಹಿಡಿದ. ಚಬ್ ಡೆನ್ವರ್ ಪರ ಮೊದಲ ವರ್ಷ 12 ಸ್ಯಾಕ್ ಮಾಡಿದ, ಅಂದರೆ ಕ್ವಾರ್ಟರ್‌ಬ್ಯಾಕ್‌ನನ್ನು ನೆಲಕ್ಕೆ ಕೆಡವಿದ. ಮರುವರ್ಷ ಮಂಡಿ ಗಾಯ. ಗಾಯವನ್ನು ಯಾರೂ ಮುಂದಾಗಿ ಹೇಳಲಾರರು, ಅದನ್ನು ಹಿಡಿದು ಡೆನ್ವರ್ ತಪ್ಪು ಮಾಡಿತು ಅನ್ನಲಾರೆ. ಆದರೆ ಮನೆಯಲ್ಲಿ ಇರುವುದನ್ನೇ ಇನ್ನೊಂದು ತಂದಿಡುವ ಬದಲು ಇಲ್ಲದ್ದನ್ನು ತಂದ ಬ್ರೌನ್ಸ್ ಲೆಕ್ಕ ನನಗೆ ಸರಿ ಕಾಣುತ್ತದೆ. ನಿಮ್ಮ ಟೀಮಿನಲ್ಲಿ ಗ್ಯಾರೆಟ್‌ನಂಥವನು ಇಲ್ಲದಿದ್ದರೆ ಕಣ್ಣು ಮುಚ್ಚಿ ಚಬ್‌ನಂಥ ಹುಡುಗನ ಪರ ನಿಲ್ಲಿ.

ಕೆಳಗೆ ಇಳಿಯುವುದು

ಇಂಡಿಯಾನಪೊಲಿಸ್ ಕೋಲ್ಟ್ಸ್ ಬಳಿ ಮೂರನೇ ಪಿಕ್ ಇತ್ತು. ಆಂಡ್ರ್ಯೂ ಲಕ್ ಇದ್ದುದರಿಂದ ಕ್ವಾರ್ಟರ್‌ಬ್ಯಾಕ್ ಬೇಕಿರಲಿಲ್ಲ. ಜೆಟ್ಸ್‌ಗೆ ಬೇಕೇ ಬೇಕಿತ್ತು. ಡ್ರಾಫ್ಟ್‌ಗೆ ತಿಂಗಳಿಗೂ ಮುಂಚೆಯೇ ವ್ಯಾಪಾರ ಕುದುರಿತು. ಮೂರನೇ ಜಾಗ ಕೊಟ್ಟು ಆರನೇ ಜಾಗ ತಗೊಂಡರು. ಜೊತೆಗೆ ಆ ವರ್ಷದ 37 ಮತ್ತು 49ನೇ ಪಿಕ್, ಮರುವರ್ಷದ ಎರಡನೇ ಸುತ್ತಿನ ಪಿಕ್.

ಆರರಲ್ಲಿ ಗಾರ್ಡ್ ಕ್ವೆಂಟನ್ ನೆಲ್ಸನ್, 37ರಲ್ಲಿ ಬ್ರೇಡನ್ ಸ್ಮಿತ್. ಇಬ್ಬರೂ ಲೈನಿನವರು. ತಮ್ಮದೇ 36ನೇ ಪಿಕ್‌ನಲ್ಲಿ ಡಿಫೆನ್ಸ್‌ನ ಲೈನ್‌ಬ್ಯಾಕರ್ ಡೇರಿಯಸ್ ಲೆನರ್ಡ್. 2017ರಲ್ಲಿ ಕೋಲ್ಟ್ಸ್ ಕ್ವಾರ್ಟರ್‌ಬ್ಯಾಕ್‌ಗಳು 56 ಸಲ ನೆಲಕ್ಕೆ ಬಿದ್ದಿದ್ದರು, ಲೀಗಿನಲ್ಲೇ ಹೆಚ್ಚು. 2018ರಲ್ಲಿ 18 ಸಲ, ಲೀಗಿನಲ್ಲೇ ಕಡಿಮೆ. ಲಕ್ ಗಾಯದಿಂದ ವಾಪಸ್ ಬಂದಿದ್ದ. 4-12ರ ತಂಡ 10-6 ಆಯಿತು. ನೆಲ್ಸನ್ ಮೊದಲ ಮೂರೂ ವರ್ಷ ಆಲ್-ಪ್ರೊ ಎಂಬ ವರ್ಷದ ಶ್ರೇಷ್ಠರ ಪಟ್ಟಿಯ ಮೊದಲ ತಂಡದಲ್ಲಿದ್ದ. ಲೆನರ್ಡ್ ಡಿಫೆನ್ಸ್‌ನ ವರ್ಷದ ಹೊಸ ಆಟಗಾರನಾದ.

ಉಳಿತಾಯ ಮಾತ್ರ ನೋಡಿದರೆ ಗಾರ್ಡ್‌ಗೂ ರನ್ನಿಂಗ್ ಬ್ಯಾಕ್‌ಗೂ ಆಗ ದೊಡ್ಡ ವ್ಯತ್ಯಾಸ ಇರಲಿಲ್ಲ ಅನ್ನುವುದನ್ನೂ ಹೇಳಬೇಕು. ನೆಲ್ಸನ್ ಆಯ್ಕೆ ಗೆದ್ದಿದ್ದು ಬೇರೆ ಕಾರಣಕ್ಕೆ: ಕಾಯಬೇಕಾದ ಕ್ವಾರ್ಟರ್‌ಬ್ಯಾಕ್ ಇದ್ದ, ಕಾಯುವವರು ಇರಲಿಲ್ಲ. ಅದೂ ಎಷ್ಟು ದಿನ? 2019ರ ಆಗಸ್ಟ್‌ನಲ್ಲಿ ಲಕ್ ದಿಢೀರನೆ ನಿವೃತ್ತನಾದ. ಮೂರನೇ ಪಿಕ್ ಬಿಟ್ಟುಕೊಟ್ಟಿದ್ದು ಆಗ ಕೆಲವರಿಗೆ ನೆನಪಾಗಿರಲಿಕ್ಕೂ ಸಾಕು.

ಕೇಡ್ ಮ್ಯಾಸಿ, ರಿಚರ್ಡ್ ಥೇಲರ್ ಎಂಬ ಅರ್ಥಶಾಸ್ತ್ರ ಬಲ್ಲ ಇಬ್ಬರು ಹಳೆಯ ಡ್ರಾಫ್ಟ್‌ಗಳನ್ನು ಜಾಲಾಡಿದ್ದಾರೆ. ಒಂದೇ ಜಾಗದ ಇಬ್ಬರಲ್ಲಿ ಮೊದಲು ಆರಿಸಿದವನು ನಂತರದವನಿಗಿಂತ ಚೆನ್ನಾಗಿ ಆಡುವ ಸಾಧ್ಯತೆ ನೂರಕ್ಕೆ 52 ಅಂತ ಅವರ ಲೆಕ್ಕ. ನಾಣ್ಯ ಚಿಮ್ಮಿದ ಹಾಗೇ ಅಲ್ವಾ? ಹಾಗಾಗಿ ಒಂದು ಪಿಕ್ ಬದಲು ಮೂರು ಪಿಕ್ ಇದ್ದರೆ ಒಳ್ಳೆಯದು. ಅವರ ಸಂಬಳದ ಲೆಕ್ಕ 2011ರ ಹಿಂದಿನದು, ಮೇಲಿನ ಪಿಕ್ ಈಗ ಅಷ್ಟು ದುಬಾರಿಯಲ್ಲ. ಆದರೆ ನಾಣ್ಯದ ಮಾತು ಈಗಲೂ ಯೋಚಿಸುವಂಥದ್ದೇ.

ನಿಮ್ಮ ಟೀಮಿಗೆ ಯಾವುದು?

ಕ್ವಾರ್ಟರ್‌ಬ್ಯಾಕ್ ಇಲ್ಲ, ಕೋಚ್ ಗಟ್ಟಿ: ಕ್ವಾರ್ಟರ್‌ಬ್ಯಾಕ್ ತಗೊಳ್ಳಿ, ಕೊರತೆ ಇದ್ದರೂ ಪರವಾಗಿಲ್ಲ. ಕ್ವಾರ್ಟರ್‌ಬ್ಯಾಕ್ ಇಲ್ಲ, ಕೋಚ್ ಕೂಡ ಇವತ್ತೋ ನಾಳೆಯೋ ಅನ್ನುವಂತಿದ್ದಾನೆ: ನುಗ್ಗುವ ಆಟಗಾರನನ್ನೋ ಲೈನಿನವನನ್ನೋ ತಗೊಂಡು ಒಂದು ವರ್ಷ ತಡೆಯಿರಿ. ಕೋಚ್ ಬದಲಾದರೂ ಅವರ ಕೆಲಸ ಅಷ್ಟಾಗಿ ಬದಲಾಗುವುದಿಲ್ಲ. ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಇದ್ದು ಅವನ ದೊಡ್ಡ ಒಪ್ಪಂದ ಶುರುವಾಗಿದ್ದರೆ ದುಡ್ಡಿಗೆ ಬಿಗಿ. ಆಗ ಅಗ್ಗದ ಹುಡುಗರು ಜಾಸ್ತಿ ಬೇಕು, ಕೆಳಗೆ ಇಳಿಯಿರಿ. ಎಲ್ಲ ಸರಿ ಇದ್ದು ಒಂದೇ ಹೆಜ್ಜೆ ಬಾಕಿ ಅನ್ನುವ ಟೀಮ್ ಬೇಕಾದರೆ ಬಾರ್ಕ್ಲಿಯಂಥವನ ಆಸೆ ಪಡಲಿ.

ಒಂದು ವಿಷಯ ಗಮನದಲ್ಲಿರಲಿ. ಆಫೀಸಿನ ಮಾಕ್ ಡ್ರಾಫ್ಟ್ ಪಂದ್ಯ (ಯಾವ ಟೀಮ್ ಯಾರನ್ನು ಆರಿಸುತ್ತದೆ ಅಂತ ಊಹಿಸುವುದು) ಗೆಲ್ಲುವುದು ಬೇರೆ ಆಟ. ಅಲ್ಲಿ ಅಂಕ ಸಿಗುವುದು ಟೀಮ್ ಯಾರನ್ನು ಆರಿಸಬೇಕಿತ್ತು ಅನ್ನುವುದಕ್ಕಲ್ಲ, ಯಾರನ್ನು ಆರಿಸಿತು ಅನ್ನುವುದಕ್ಕೆ. ಅದಕ್ಕೆ ಮಾರ್ಚ್ ತಿಂಗಳ ಟ್ರೇಡ್ ನೋಡಿ. ಜೆಟ್ಸ್ ಮೂರಕ್ಕೆ ಹತ್ತಿದ ದಿನವೇ ಅವರು ಕ್ವಾರ್ಟರ್‌ಬ್ಯಾಕ್ ತಗೊಳ್ಳುತ್ತಾರೆ ಅನ್ನುವುದು ಖಾತ್ರಿಯಾಗಿತ್ತು. ಹೊಸ ಕೋಚ್ ಬಂದಿದ್ದರೆ ಹಿಂದೆ ಅವನು ಎಂಥ ಆಟಗಾರರ ಜೊತೆ ಗೆದ್ದಿದ್ದ ನೋಡಿ. ಮೊದಲ ಪಿಕ್ ಬಗ್ಗೆ ಮಾತ್ರ ಕೊನೇ ದಿನದವರೆಗೆ ಉತ್ತರ ಬರೆಯಬೇಡಿ. 2018ರಲ್ಲಿ ಬಹಳ ಜನ ಡಾರ್ನಾಲ್ಡ್ ಅಥವಾ ಆಲನ್ ಹೆಸರು ಬರೆದು ಕೂತಿದ್ದರು. ಮೇಫೀಲ್ಡ್ ಹೆಸರು ಜೋರಾಗಿ ಕೇಳಿಬಂದಿದ್ದು ಕೊನೆಯ ಗಳಿಗೆಯಲ್ಲಿ.